ಸೋದರಮಾವನ ಸೊಂಟಕ್ಕೆ ಗುರುಬಲ ಇಲ್ಲ

ನಮ್ಮ ಅಕ್ಕನ ಮಗಳ ನಿಶ್ಚಿತಾರ್ಥ ನಡೆದದ್ದು 2024ರ ನವೆಂಬರಿನಲ್ಲಿ. ಮಂಡ್ಯದಲ್ಲೇ. ಎಲೆ ಅಡಿಕೆ ಬದಲಾಯಿಸಿಕೊಂಡ ಮೇಲೆ ಹುಡುಗನ ಅಪ್ಪ, "ಇನ್ನೇನು ಬೀಗ್ರೆ, ಮೂರು ತಿಂಗ್ಳಲ್ಲಿ ಧಾರೆ ಎರೆದ್ಬುಡಾನ" ಅಂದರು. ಆ ದಿನ ನನ್ನ ಸೊಂಟ ಚೆನ್ನಾಗಿತ್ತು. ಸೊಂಟದ ಮಾತು ಯಾಕೆ ಅಂದರೆ ನಾನು ಸೋದರಮಾವ. ನಮ್ಮ ಕಡೆ ಹೆಣ್ಣನ್ನು ಎತ್ತಿಕೊಂಡು ಮಂಟಪಕ್ಕೆ ತರುವುದು ಸೋದರಮಾವನ ಕೆಲಸ.

ಈಗ 2026ರ ಜೂನ್. ಧಾರೆ ಇನ್ನೂ ಆಗಿಲ್ಲ. ನಿಶ್ಚಿತಾರ್ಥದ ಸೀರೆ ಉಟ್ಟುಕೊಂಡು ಹುಡುಗಿ ಬೇರೆಯವರ ನಾಲ್ಕು ಮದುವೆಗೆ ಹೋಗಿ ಬಂದಿದ್ದಾಳೆ. ಆ ನಾಲ್ವರಲ್ಲಿ ಒಬ್ಬಳಿಗೆ ಮಗುವಾಗಿ, ನಾಮಕರಣಕ್ಕೂ ಅದೇ ಸೀರೆ ಹೋಯಿತು.

ಇದರಲ್ಲಿ ಯಾರದ್ದೂ ತಪ್ಪಿಲ್ಲ. ಹುಡುಗನಿಗೆ ಹುಡುಗಿ ಇಷ್ಟ, ಹುಡುಗಿಗೆ ಹುಡುಗ ಇಷ್ಟ. ಜಾತಕ ಕೂಡಿದೆ. ಒಪ್ಪದೆ ಕೂತಿರುವುದು ಕ್ಯಾಲೆಂಡರ್ ಒಂದೇ. ಹೆಣ್ಣು ಸಿಗಲಿ ಅಂತ 2023ರಲ್ಲಿ ನಮ್ಮ ಜಿಲ್ಲೆಯ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ದರು. ಹೆಣ್ಣು ಸಿಕ್ಕವನು ಡೇಟು ಸಿಗಲಿ ಅಂತ ಯಾವ ಬೆಟ್ಟ ಹತ್ತಬೇಕೋ ಗೊತ್ತಿಲ್ಲ.

ಮೊದಲ ಬೇಸಿಗೆಯಲ್ಲಿ ಮುಹೂರ್ತ ಬೇಕಾದಷ್ಟಿತ್ತು. ಛತ್ರ ಇರಲಿಲ್ಲ. ಆಮೇಲೆ ಆಷಾಢ. ಆಷಾಢದಲ್ಲಿ ಮೈಸೂರಿನವರು ಶುಕ್ರವಾರ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತುತ್ತಾರೆ, ಮದುವೆ ಮಾತು ಎತ್ತುವುದಿಲ್ಲ.

ಶ್ರಾವಣ ಬಂತು. ಜೋಯಿಸರು ಒಂಟಿಕೊಪ್ಪಲ್ ಪಂಚಾಂಗ ತೆರೆದು, "ದಿವ್ಯವಾದ ಲಗ್ನ ಇದೆ" ಅಂದರು. ಎಲ್ಲರ ಮುಖ ಅರಳಿತು. ಬೀಗರ ಮುಖ ಮಾತ್ರ ಬಾಡಿತು. "ಶ್ರಾವಣ್ದಲ್ಲಿ ಬೀಗರೂಟ ಹೆಂಗ್ ಮಾಡೋದು?"

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಂಡ್ಯದಲ್ಲಿ ಮದುವೆಗೆ ಎರಡು ಪಂಚಾಂಗ. ಒಂದು ಧಾರೆಯದ್ದು, ಇನ್ನೊಂದು ಬೀಗರೂಟದ ಬಾಡಿನದ್ದು, ಅಂದರೆ ಮಾಂಸದೂಟದ್ದು. ಮೊದಲನೆಯದರಲ್ಲಿ ತಪ್ಪಾದರೆ ಜೋಯಿಸರು ಶಾಂತಿ ಮಾಡಿಸುತ್ತಾರೆ. ಎರಡನೆಯದರಲ್ಲಿ ತಪ್ಪಾದರೆ ಮೂರು ತಲೆಮಾರು ಆಡಿಕೊಳ್ಳುತ್ತದೆ. ಸೋಮವಾರ ಆಗಲ್ಲ, ಅದು ಮನೆದೇವರ ವಾರ. ಶನಿವಾರ ತಿಮ್ಮಪ್ಪನದ್ದು. ಗುರುವಾರ ಹುಡುಗನ ದೊಡ್ಡಮ್ಮ ತಿನ್ನಲ್ಲ. ಶುಕ್ರವಾರ ಮನೆಯ ಹೆಂಗಸರು ಯಾರೂ ತಿನ್ನಲ್ಲ. ಉಳಿದದ್ದು ಮೂರು ದಿನ. ಭಾನುವಾರ ಧಾರೆ ಆದರೆ ಮಾರನೇ ದಿನ ಸೋಮವಾರ. ಮಂಗಳವಾರದವರೆಗೆ ನೆಂಟರನ್ನು ಎಲ್ಲಿ ಮಲಗಿಸುವುದು? ಶ್ರಾವಣದಲ್ಲಂತೂ ಏಳು ದಿನವೂ ಸೋಮವಾರವೇ. "ಧಾರೆ ಈಗ ಮಾಡಿ, ಬೀಗರೂಟ ಗೌರಿ ಗಣೇಶ ಕಳೆದ ಮೇಲೆ ಇಟ್ಟುಕೊಳ್ಳೋಣ" ಅಂತ ನಾನು ಅಂದೆ. ಬೀಗರು ನನ್ನನ್ನು ನೋಡಿದ ರೀತಿ ನೋಡಿದರೆ, ತಾಳಿ ಇಲ್ಲದೆ ಮದುವೆ ಮಾಡಿ ಅಂದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ. "ಬಂಡೂರು ಕುರಿಗೆ ಆಗ್ಲೇ ಹೇಳ್ಬುಟ್ಟಿವ್ನಿ ಬೀಗ್ರೆ" ಅಂದರು. ನಿಶ್ಚಿತಾರ್ಥಕ್ಕೆ ಮರಿಯಾಗಿದ್ದ ಆ ಕುರಿ ಈಗ ಅಜ್ಜನಾಗಿದೆಯಂತೆ.

ಪಿತೃಪಕ್ಷ ಹೋಯಿತು. ದಸರಾದಲ್ಲಿ ಮೈಸೂರಿನ ನೆಂಟರು ಬರಲ್ಲ, ಅವರ ಮನೆ ತುಂಬ ನೆಂಟರಿರುತ್ತಾರೆ. ಕಾರ್ತಿಕದಲ್ಲಿ ಹುಡುಗನಿಗೆ ಬೆಂಗಳೂರಿನ ಕಂಪನಿ ರಜೆ ಕೊಡಲಿಲ್ಲ.

ಡಿಸೆಂಬರ್ ಬಂತು. ಧನುರ್ಮಾಸ. ಜೊತೆಗೆ ಶುಕ್ರ ಮೌಢ್ಯ. ಏನಿಲ್ಲ, ಶುಕ್ರ ಗ್ರಹ ಸೂರ್ಯನ ಪಕ್ಕಕ್ಕೆ ಬಂದು ಬೆಳಕಿನಲ್ಲಿ ಕಣ್ಣಿಗೆ ಕಾಣದೆ ಹೋಗುತ್ತದೆ, ಅಷ್ಟೇ. ಅದು ಕಾಣುವವರೆಗೆ ಮದುವೆ ಇಲ್ಲ. ನಮ್ಮ ಸರ್ಕಾರ 2017ರಲ್ಲಿ ತಂದ ಕಾನೂನನ್ನು ಎಲ್ಲರೂ ಮೌಢ್ಯ ನಿಷೇಧ ಕಾಯ್ದೆ ಅಂತ ಕರೆಯುತ್ತಾರಲ್ಲ, ಅದರಲ್ಲಿ ಇದೂ ಸೇರುತ್ತದಾ ಅಂತ ಕೇಳಿದೆ. ಜೋಯಿಸರು ನಗಲಿಲ್ಲ.

ಶುಕ್ರ ಹೊರಬಂದ. ಕಬ್ಬಿನ ದುಡ್ಡು ಬರಲಿಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು ಅಂತ ಕಾನೂನಿದೆ, 1966ರಿಂದಲೂ ಇದೆ. ಬೀಗರ ಆ 14 ದಿನದಲ್ಲಿ ಎಷ್ಟು ಅಧಿಕ ಮಾಸ ಸೇರಿಕೊಂಡಿತ್ತೋ, ಯುಗಾದಿ ಕಳೆದರೂ ಮುಗಿಯಲಿಲ್ಲ.

ಅಷ್ಟರಲ್ಲಿ ನಿಜವಾದ ಅಧಿಕ ಮಾಸವೇ ಬಂತು. ಚಂದ್ರನ ಲೆಕ್ಕದ ವರ್ಷ 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಮ್ಮಿ. ಆ ಬಾಕಿ ಸೇರಿ ಸೇರಿ ಮೂರು ವರ್ಷ ತುಂಬುವುದರೊಳಗೆ ಒಂದು ತಿಂಗಳಾಗುತ್ತದೆ. ಈ ಸಲ ಅದು ಮೇ 17ರಿಂದ ಜೂನ್ 15ರವರೆಗೆ ಜ್ಯೇಷ್ಠದ ಹೆಸರಿನಲ್ಲಿ ಬಂದು ಕೂತಿತು. ಅದು ಮುಗಿದ ಮೇಲೆ ನಿಜ ಜ್ಯೇಷ್ಠ. ಅದರ ಬೆನ್ನಿಗೇ ಮತ್ತೆ ಆಷಾಢ.

ಈ ಮಧ್ಯೆ ಪ್ರೀ ವೆಡ್ಡಿಂಗ್ ಶೂಟ್ ಮಾತ್ರ ಎರಡು ಸಲ ಆಗಿದೆ. ಮೊದಲನೆಯದರಲ್ಲಿ ಹುಡುಗ ತೆಳ್ಳಗಿದ್ದ ಅಂತ ಎರಡನೆಯದು. ಎರಡೂ ಮೇಲುಕೋಟೆಯ ರಾಯಗೋಪುರದ ಮುಂದೆ. ಅದೂ ಅರ್ಧಕ್ಕೇ ನಿಂತ ಗೋಪುರ. ಸುಮ್ನೆ ಹೇಳಿದೆ.

1955ರ ಹಿಂದೂ ವಿವಾಹ ಕಾಯ್ದೆ ತೆಗೆದು ನೋಡಿದೆ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು ಅಂತಿದೆ. ಗುರು, ಶುಕ್ರ, ಕುರಿ ಯಾರ ಹೆಸರೂ ಇಲ್ಲ. ಇನ್ನೊಂದು ತಮಾಷೆ. ಮೈಸೂರಿನ ಅದೇ ಒಂಟಿಕೊಪ್ಪಲಿನಲ್ಲೇ ಕುವೆಂಪು ಅವರ ಮನೆ 'ಉದಯರವಿ'ಯೂ ಇದೆ. ಮುಹೂರ್ತದ ಹಂಗಿಲ್ಲದ ಮಂತ್ರಮಾಂಗಲ್ಯ ಹೇಳಿಕೊಟ್ಟವರು ಅವರು. ಮಗ ತೇಜಸ್ವಿಯ ಮದುವೆಯನ್ನು 1966ರಲ್ಲಿ ಹಾಗೇ ಮಾಡಿದರು. ಅಕ್ಕನಿಗೆ ಇದನ್ನು ಹೇಳಿದೆ. "ಅವ್ರು ದೊಡ್ಡೋರು ಕಣೋ, ಏನ್ ಮಾಡಿದ್ರೂ ನಡೀತದೆ. ನಿಮ್ ಭಾವನ ಕಡೆಯೋರು ನನ್ನ ಸುಮ್ನೆ ಬುಟ್ಟಾರಾ?" ಅಂದಳು.

ಕೊನೆಗೆ ಹೋದ ವಾರ ಛತ್ರದ ಮ್ಯಾನೇಜರ್ ಫೋನ್ ಮಾಡಿದರು. ನಿಜ ಜ್ಯೇಷ್ಠದಲ್ಲಿ ಯಾರದ್ದೋ ಬುಕಿಂಗ್ ಕ್ಯಾನ್ಸಲ್ ಆಗಿದೆ, ಗುರುವಾರ. ಅರ್ಧ ಗಂಟೆಯಲ್ಲಿ ಅಡ್ವಾನ್ಸ್ ಹಾಕಬೇಕು. ನಾನು ಓಡಿದ್ದು ಜೋಯಿಸರ ಮನೆಗೆ. ಹತ್ತೊಂಬತ್ತು ತಿಂಗಳು ಸಿಗದ ಲಗ್ನ ಅವರಿಗೆ ನಾಲ್ಕೇ ನಿಮಿಷದಲ್ಲಿ ಸಿಕ್ಕಿತು. ಬೆಳಿಗ್ಗೆ ಆರೂಕಾಲರಿಂದ ಏಳು.

"ಗುರುಬಲ ಹೇಗಿದೆ ಸ್ವಾಮಿ?" ಅಂದೆ.

"ಛತ್ರಬಲ ಇದೆಯಲ್ಲ, ಬಿಡಿ" ಅಂದರು.

ಗುರುವಾರ ಧಾರೆ, ಭಾನುವಾರ ಬೀಗರೂಟ. ಹುಡುಗನ ದೊಡ್ಡಮ್ಮನೂ ಒಪ್ಪಿದರು. ಕುರಿಗೂ ಸುದ್ದಿ ಮುಟ್ಟಿರಬೇಕು. ಖುಷಿಯಲ್ಲಿ ನಾನು ಅಕ್ಕಿ ಮೂಟೆ ಇಳಿಸಲು ಕೈ ಹಾಕಿದೆ. ಸೊಂಟದಲ್ಲಿ ಚಳುಕ್ ಅಂತು. ಡಾಕ್ಟರು ಆರು ವಾರ ಏನನ್ನೂ ಎತ್ತಬಾರದು ಅಂದಿದ್ದಾರೆ. "ಏನೂ ಅಂದ್ರೆ ಏನೂ. ಬಿಂದಿಗೆ ಕೂಡ."

ಅಕ್ಕ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ, ಕನ್ನಡಕ ಹಾಕಿಕೊಂಡು ನನ್ನ ಮಂಚದ ಪಕ್ಕ ಕೂತಳು.

"ನಿನ್ ಸೊಂಟದ ಮೌಢ್ಯ ಯಾವತ್ತಿಗೆ ಬುಡ್ತದೋ?"

ಬೆರಳು ಎಣಿಸಿದೆ. ಆಷಾಢಕ್ಕೆ.