ಕೆಸರು ತಡೆದರೆ ಅದೂ ಶೋಕಿನಾ?

ಟೈರನ್ನು ಬಾಡಿಯಿಂದ ಹೊರಗೆ ಚಾಚಿಕೊಂಡು ಊರೆಲ್ಲ ಕೆಸರು ಎರಚುತ್ತಾ ಓಡಾಡಿ, ಪುಣೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಅದೇ ಟೈರಿನ ಮೇಲೆ ಫೆಂಡರ್ ಫ್ಲೇರ್ (ಚಕ್ರದ ಕಮಾನಿಗೆ ಹೊರಚಾಚಿ ಕೂರಿಸುವ ಪಟ್ಟಿ) ಕೂರಿಸಿ, ಹಿಂದೆ ಒಂದು ಮಡ್‌ಫ್ಲ್ಯಾಪ್ (ಕೆಸರು ತಡೆಯುವ ಹಾಳೆ) ತೂಗುಹಾಕಿ ನೋಡಿ. ಆಗ ಎಲ್ಲರಿಗೂ ಕಣ್ಣು ಬರುತ್ತದೆ, ಬಾಯಿಯೂ ಬರುತ್ತದೆ. ಅಂಗಡಿಯವನಿಂದ ಹಿಡಿದು ಸೊಸೈಟಿ ಸೆಕ್ರೆಟರಿವರೆಗೆ ಎಲ್ಲರದೂ ಒಂದೇ ರಾಗ: ಶೋಕಿ.

ತಲೆ ಕೆಟ್ಟುಹೋಗಿದೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕೆ ಆಗಲ್ಲ, ಬರೆದೇ ಬಿಡುತ್ತೇನೆ.

ನನ್ನದು ಹಳೇ ಜಿಪ್ಸಿ, ಜೀಪಿನಂಥ ಗಾಡಿ. 1985ರಲ್ಲಿ ಮಾರುತಿ ಇದನ್ನು ತಂದಾಗ ಎಡಬಲ ಚಕ್ರಗಳ ನಡುವೆ ಅಂತರ ಕಡಿಮೆ ಇತ್ತು, 1993ರಲ್ಲಿ ಅಗಲ ಮಾಡಿದರು. ಆದರೂ ಚಕ್ರದ ಮೇಲಿನ ಕಮಾನು ಇರುವುದು ಕಂಪನಿ ಕೊಟ್ಟ ಸಣ್ಣ ಟೈರಿನ ಅಳತೆಗೇ. ಮಳೆಗಾಲದಲ್ಲಿ ತಾಮ್ಹಿಣಿ ಘಾಟ್, ವೇಲ್ಹೆ ಅಂತ ಕಚ್ಚಾ ರಸ್ತೆ ಹುಡುಕಿಕೊಂಡು ಹೋಗುವವರು 235/75 ಆರ್15 ಅಳತೆಯ ಅಗಲ ಟೈರ್ ಹಾಕಿಸುತ್ತಾರೆ, ನಾನೂ ಹಾಕಿಸಿದ್ದೇನೆ. ಟೈರ್ ಎಷ್ಟು ಅಗಲವಾಯಿತೋ ಅದರಲ್ಲಿ ಅರ್ಧ ಮಾತ್ರ ಹೊರಗೆ ಬರುತ್ತದೆ. ಉಳಿದದ್ದೆಲ್ಲ ರಿಮ್ಮಿನ ಆಫ್‌ಸೆಟ್ಟಿನ ಕೃಪೆ, ಅಂದರೆ ರಿಮ್ಮು ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನೋದು. ಹೀಗೆ ಹೊರಗೆ ಬಂದ ಟೈರು ಕೆಸರನ್ನು ನೇರ ಬಾಗಿಲಿಗೆ, ಕನ್ನಡಿಗೆ, ಕಿಟಕಿ ತೆರೆದಿದ್ದರೆ ನಮ್ಮ ಮಡಿಲಿಗೇ ಎಸೆಯುತ್ತದೆ. ಅದು ಬಿಡಿ, ನಮ್ಮ ಹಣೆಬರಹ. ಹಿಂದೆ ಸ್ಕೂಟರಿನಲ್ಲಿ ಬರುವವರು ಏನು ಪಾಪ ಮಾಡಿದ್ದಾರೆ? ಅವರಿಗೆ ಕೆಸರಿನ ಜೊತೆ ಜಲ್ಲಿಯೂ ಸಿಗುತ್ತದೆ. ಪುಣೆಯವರಿಗೆ ಹೆಲ್ಮೆಟ್ ಮೇಲೆ ಎಷ್ಟು ಪ್ರೀತಿ ಅಂತ ನಿಮಗೆ ಗೊತ್ತೇ ಇದೆ. ಅಂದರೆ ಜಲ್ಲಿ ಹೋಗಿ ಬೀಳುವುದು ಸೀದಾ ಮುಖಕ್ಕೆ.

ಇದನ್ನು ತಡೆಯೋಣ ಅಂತ ಹೊರಟಿದ್ದಕ್ಕೆ ಇಷ್ಟೆಲ್ಲ.

ಮೊದಲು ಅಂಗಡಿಯವನ ಕಥೆ ಕೇಳಿ. "ಯುನಿವರ್ಸಲ್ ಹೈ ಸಾಬ್, ಸಬ್ ಮೇ ಲಗತಾ ಹೈ" ಅಂದ. ಎಲ್ಲ ಗಾಡಿಗೂ ಕೂರುತ್ತದೆ ಅಂದರೆ ಯಾವ ಗಾಡಿಗೂ ಸರಿಯಾಗಿ ಕೂರುವುದಿಲ್ಲ ಅಂತಲೇ ಅರ್ಥ. ಬೆರಳಿನಲ್ಲಿ ಒತ್ತಿದರೆ ಬಾಗುವ ಪ್ಲಾಸ್ಟಿಕ್ಕು. ಅದಕ್ಕೆ ಹೇಳಿದ ರೇಟು ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ. ಅವನ ಹುಡುಗ ಅಳತೆ ಇಲ್ಲ, ಗುರುತು ಇಲ್ಲ, ಡ್ರಿಲ್ ಹಿಡಿದು ಕಮಾನಿನ ಹೊರ ತಗಡಿಗೆ ಸಾಲಾಗಿ ತೂತು ಹೊಡೆದ. ತೂತಿನ ಅಂಚಿಗೆ ಪ್ರೈಮರ್ ಹಚ್ಚಪ್ಪಾ ಅಂದರೆ ನನ್ನನ್ನೇ ಮೇಲಿಂದ ಕೆಳಗೆ ನೋಡಿದ. ಜಿಪ್ಸಿ ತಗಡಿಗೆ ತುಕ್ಕು ಅಂದರೆ ಎಷ್ಟು ಇಷ್ಟ ಅಂತ ಇಟ್ಟುಕೊಂಡವರಿಗೆ ಗೊತ್ತು. ಬಣ್ಣ ಹೋದ ಜಾಗದಲ್ಲಿ ನೀರು ನಿಂತರೆ ಸಾಕು, ಒಂದು ಮಳೆಗಾಲದಲ್ಲಿ ತಗಡು ಪುಡಿಪುಡಿ. ಮೇಲೆ ಎರಡೂ ಕಡೆ ಅಂಟುವ ಡಬಲ್ ಟೇಪು, ನಟ್ಟಿಲ್ಲದೆ ತಗಡನ್ನೇ ಕಚ್ಚಿ ಕೂರುವ ಸೆಲ್ಫ್ ಸ್ಕ್ರೂ. ತೆಳು ತಗಡಿನಲ್ಲಿ ಸೆಲ್ಫ್ ಸ್ಕ್ರೂ ಎಷ್ಟು ದಿನ ಹಿಡಿದುಕೊಂಡಿರುತ್ತದೆ ಹೇಳಿ? ಗಾಡಿ ಅಲುಗಾಡಿದಂತೆಲ್ಲ ತೂತು ದೊಡ್ಡದಾಗುತ್ತದೆ, ಸ್ಕ್ರೂ ಕಿತ್ತು ಬರುತ್ತದೆ.

ಬಂತು. ತಾಮ್ಹಿಣಿ ಮಳೆಯಲ್ಲಿ ಟೇಪು ಬಿಟ್ಟುಕೊಂಡು ಎಡಗಡೆ ಫ್ಲೇರ್ ಪಟಪಟ ಬಡಿದು ಮುರಿದುಹೋಯಿತು. ವಾಪಸ್ ಹೋಗಿ ಕೇಳಿದರೆ ಏನಂದ ಗೊತ್ತಾ? "ನೀವು ಆಫ್‌ರೋಡ್ ಹೋಗಿದ್ದೀರಿ, ವಾರಂಟಿ ಇಲ್ಲ." ಅಯ್ಯಾ ಮಹಾರಾಯ, ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಆಫ್‌ರೋಡ್ ಅಂತಲೇ ಇದೆಯಲ್ಲ! ಅದನ್ನು ಹಾಕಿಕೊಂಡು ಮದುವೆ ಮೆರವಣಿಗೆಗೆ ಹೋಗಬೇಕಿತ್ತಾ?

ಆಮೇಲೆ ನಾನೇ ಕೈ ಹಾಕಿದೆ. ಭೋಸರಿಯಲ್ಲಿ ಇಂಡಿ ಕಡೆಯ ಒಬ್ಬ ವೆಲ್ಡರ್ ಅಣ್ಣ ಇದ್ದಾನೆ. ಮುರಿದ ಫ್ಲೇರ್ ನೋಡಿ ನಕ್ಕುಬಿಟ್ಟ. "ಈ ಪ್ಲಾಸ್ಟಿಕ್ ಏನ್ ತಡಿತೈತ್ರಿ ಸರ? ಕನ್ವೇಯರ್ ಬೆಲ್ಟ್ ತರ್ರಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರತೈತಿ." ಸರಿಯಾಗೇ ಹೇಳಿದ. ಕಾರ್ಖಾನೆಯ ಹಳೇ ಬೆಲ್ಟು ಗುಜರಿಯಲ್ಲಿ ತೂಕಕ್ಕೆ ಸಿಗುತ್ತದೆ. ರಬ್ಬರಿನ ಪದರಗಳ ನಡುವೆ ಬಟ್ಟೆ ಇರುವುದರಿಂದ ಕಲ್ಲು ಬಡಿದರೂ ಹರಿಯುವುದಿಲ್ಲ. ಕತ್ತರಿಸುವುದು ಮಾತ್ರ ಪ್ರಾಣ ಹಿಂಡುವ ಕೆಲಸ. ಬ್ಲೇಡಿಗೆ ಸೋಪಿನ ನೀರು ಹಚ್ಚುತ್ತಾ ಇರಬೇಕು, ಇಲ್ಲದಿದ್ದರೆ ರಬ್ಬರ್ ಅದನ್ನು ಕಚ್ಚಿ ಹಿಡಿಯುತ್ತದೆ.

ಫ್ರಿಜ್ಜಿನ ರಟ್ಟಿನಲ್ಲಿ ಮೊದಲು ಅಚ್ಚು ತೆಗೆದೆ. ಎಡಗಡೆಯದನ್ನೇ ತಿರುಗಿಸಿದರೆ ಬಲಗಡೆಯದು. ಹಾರ್ಡ್‌ವೇರ್ ಅಂಗಡಿಗಳ ಬೋಹ್ರಿ ಆಳಿಯಲ್ಲಿ ಸ್ಟೇನ್‌ಲೆಸ್ ಬೋಲ್ಟು, ಅಗಲ ವಾಶರ್ರು, ಸಡಿಲಾಗದ ನೈಲಾಕ್ ನಟ್ಟು ತಂದೆ. ಬೆಲ್ಟಿನ ಪಟ್ಟಿಯನ್ನು ಕಮಾನಿನ ಒಳ ಮಡಿಕೆಗೆ ಕೂರಿಸಿ, ಮೇಲೆ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿದಿದ್ದೇನೆ. ಹೊರ ತಗಡಿಗೆ ನನ್ನ ಕೈಯಿಂದ ಒಂದೂ ತೂತು ಬಿದ್ದಿಲ್ಲ. ಆ ಹುಡುಗ ಹೊಡೆದ ತೂತುಗಳನ್ನು ಮುಚ್ಚಿಸಿದ್ದೂ ನನ್ನ ಖರ್ಚಿನಲ್ಲೇ. ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲಿ ಉಜ್ಜುತ್ತದೋ ಅಲ್ಲೆಲ್ಲ ಬೆಲ್ಟನ್ನು ಕತ್ತರಿಸಿದ್ದೇನೆ. ಹಿಂದಿನ ಫ್ಲ್ಯಾಪಿಗೆ ಸಣ್ಣ ಸರಪಳಿ ಇದೆ. ರಿವರ್ಸ್ ತೆಗೆಯುವಾಗ ಫ್ಲ್ಯಾಪು ಕಲ್ಲಿಗೂ ಟೈರಿಗೂ ನಡುವೆ ಸಿಕ್ಕಿದರೆ ಕ್ಲಾಂಪಿನ ಸಮೇತ ಕಿತ್ತುಕೊಂಡು ಹೋಗುತ್ತದೆ. ಅದಕ್ಕೇ ಕಾಡುದಾರಿ ಬಂದಾಗ ಮೇಲಕ್ಕೆತ್ತಿ ಕೊಕ್ಕೆ ಹಾಕುತ್ತೇನೆ. ಡಾಂಬರು ಸಿಕ್ಕ ಕೂಡಲೇ ಇಳಿಸುತ್ತೇನೆ.

ಇಷ್ಟು ಮಾಡಿದ್ದಕ್ಕೆ ಸಿಕ್ಕ ಬಹುಮಾನ ಸೊಸೈಟಿಯ ನೋಟಿಸು. ಪಾರ್ಕಿಂಗಿನಲ್ಲಿ ಗ್ಯಾರೇಜ್ ಕೆಲಸ ಮಾಡಬಾರದಂತೆ. ಗ್ರೈಂಡರ್ ಸದ್ದಿನ ಬಗ್ಗೆ ಹೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆ, ಆ ಕೆಲಸ ಭೋಸರಿಯಲ್ಲೇ ಆಗಿದೆ ಅನ್ನೋದು ಬೇರೆ ಮಾತು. ಇಲ್ಲಿ ನಾನು ತಿರುಗಿಸಿದ್ದು ಬರೀ ಪಾನಾ. ಆದರೆ ನೋಟಿಸಿನ ಎರಡನೇ ಸಾಲು ನೋಡಿ: "ವಾಹನ ವಿಕಾರವಾಗಿ ಕಾಣುತ್ತಿದ್ದು ಸೊಸೈಟಿಯ ಅಂದ ಕೆಡುತ್ತಿದೆ." ಸೆಕ್ರೆಟರಿ ಸಾಹೇಬರು ಕೆಳಗೆ ಬಂದು ಬೆಲ್ಟನ್ನು ಬೂಟಿನಲ್ಲಿ ಒದ್ದು ನೋಡಿ, "ಹೇ ಅಸಲಂ ಇಥಂ ಚಾಲಣಾರ ನಾಹಿ" ಅಂದರು, ಇಂಥದ್ದೆಲ್ಲ ಇಲ್ಲಿ ನಡೆಯಲ್ಲ ಅಂತ. ಹೀಗಂದ ಮಹಾನುಭಾವರ ಸ್ವಂತ ಗಾಡಿಯ ಮೂತಿಗೆ ಫಳಫಳ ಹೊಳೆಯುವ ಬುಲ್‌ಬಾರ್, ಅಂದರೆ ಲೋಹದ ಅಡ್ಡಕಂಬಿ, ಇದೆ. ಕೇಂದ್ರ ಸರ್ಕಾರ ಅದನ್ನು ಅಕ್ರಮ ಅಂತ ಹೇಳಿದ್ದು 2017ರಲ್ಲಿ. ನಡೆದು ಹೋಗುವವರಿಗೆ ಗುದ್ದಿದರೆ ಮೂಳೆ ಮುರಿಯುತ್ತದೆ, ಒಳಗಿನ ಏರ್‌ಬ್ಯಾಗಿನ ಲೆಕ್ಕವೂ ತಪ್ಪಬಹುದು. ಅದು ಸೊಸೈಟಿಗೆ ಅಂದವಂತೆ. ಗೇಟಿನಲ್ಲಿ ನೀರು ನಿಂತಾಗ ಅವರು ಜೋರಾಗಿ ಒಳಗೆ ಬಂದರೆ ವಾಚ್‌ಮನ್ ಮಾಮನ ಪ್ಯಾಂಟು ಮೊಣಕಾಲಿನವರೆಗೆ ಕೆಸರು. ಆತ ಪಾಪ ಏನೂ ಅನ್ನುವುದಿಲ್ಲ, ಸುಮ್ನೆ ಕೈಯಿಂದ ಒರೆಸಿಕೊಳ್ಳುತ್ತಾನೆ.

ಇನ್ನೊಬ್ಬರು ಚಾಂದನಿ ಚೌಕದ ಹತ್ತಿರ ಸಿಕ್ಕರು, ಯೂನಿಫಾರ್ಮಿನಲ್ಲಿ. ಮಾರ್ಪಾಡು ಮಾಡಿದ್ದೀರಿ, 2019ರ ತಿದ್ದುಪಡಿ ಪ್ರಕಾರ ಒಂದೊಂದಕ್ಕೆ 5000 ರೂಪಾಯಿ ಅಂದರು. ದಂಡ ಇರುವುದು ನಿಜ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ಮಾರ್ಪಾಡು ಅಂದರೇನು ಅಂತಲೂ ಬರೆದಿದೆ: ಗಾಡಿಯ ರಚನೆ ಬದಲಾಗಿ, ಅದರಿಂದ ಮೂಲ ಲಕ್ಷಣವೇ ಬದಲಾಗಬೇಕು. ಬಿಚ್ಚಿದರೆ ಕೈಗೆ ಬರುವ ರಬ್ಬರಿನಿಂದ ಯಾವ ಮೂಲ ಲಕ್ಷಣ ಬದಲಾಯಿತು ಸರ್ ಅಂದೆ. ನಾಲ್ಕು ಫ್ಲೇರ್, ಎರಡು ಫ್ಲ್ಯಾಪ್, ಇದು ಆರು ಮಾರ್ಪಾಡೋ ಒಂದೋ ಅಂತಲೂ ಕೇಳಿದೆ. ಅವರು ಟೈರಿನ ಕಡೆ ಒಂದು ಸಲ ನೋಡಲೂ ಇಲ್ಲ. ಕೇಳುವುದಿದ್ದರೆ ಟೈರಿನ ಬಗ್ಗೆ ಕೇಳಬಹುದಿತ್ತು, ಅಲ್ವಾ? ಅದರ ಅಪಾಯ ಕಡಿಮೆ ಮಾಡಲು ಹಾಕಿದ ರಬ್ಬರ್ ಮಾತ್ರ ಅವರ ಕಣ್ಣಿಗೆ ಚುಚ್ಚಿತು. ಹಿಂದೆ ಹಾರ್ನ್ ಜಾಸ್ತಿ ಆದ ಮೇಲೆ "ಶೋಕಿ ಕಮಿ ಕರಾ", ಶೋಕಿ ಕಡಿಮೆ ಮಾಡಿ, ಅಂತ ಬಿಟ್ಟು ಕಳಿಸಿದರು.

ಸೊಸೈಟಿಗೆ ಉತ್ತರ ಬರೆದು ಕೊಟ್ಟಿದ್ದೇನೆ. ಯಾವ ನಿಯಮದಲ್ಲಿ ಮಡ್‌ಫ್ಲ್ಯಾಪ್ ತಪ್ಪು, ಯಾವ ನಿಯಮದಲ್ಲಿ ಬುಲ್‌ಬಾರ್ ಸರಿ, ಎರಡನ್ನೂ ಲಿಖಿತವಾಗಿ ತಿಳಿಸಿ ಅಂತ ಕೇಳಿದ್ದೇನೆ. ಪಾನಾ ಬೇಕಾದರೆ ಇನ್ನು ಮುಂದೆ ಭೋಸರಿಯಲ್ಲೇ ತಿರುಗಿಸುತ್ತೇನೆ. ಫ್ಲೇರ್ ಮಾತ್ರ ಬಿಚ್ಚುವುದಿಲ್ಲ.