ಎರಡನ್ನೂ ಒಂದೇ ಕಪಾಟಿನಲ್ಲಿಟ್ಟರೆ ಹೇಗೆ?

ಕ್ವಿಯರ್ (ಸಲಿಂಗಿ, ಲಿಂಗತ್ವ ಅಲ್ಪಸಂಖ್ಯಾತರ ಬದುಕಿನ) ಗ್ರಾಫಿಕ್ ಕಾದಂಬರಿ, ಅಂದರೆ ಚಿತ್ರಗಳಲ್ಲಿ ಹೇಳಿದ ದೀರ್ಘ ಕಥೆ, ಮತ್ತು ಅಂಥದೇ ವಸ್ತುವಿನ ಮಕ್ಕಳ ಚಿತ್ರಪುಸ್ತಕ ಎರಡನ್ನೂ ನಾನು ಓದಿದ ಲೇಖನವೊಂದು ಒಂದೇ ಗುಂಪಿಗೆ ಸೇರಿಸಿ 'ಚಿತ್ರವಿದ್ದರೆ ಮಕ್ಕಳಿಗೇ' ಎಂಬಂತೆ ಮಾತಾಡಿದೆ. ಎಡವಿದ್ದು ಇಲ್ಲೇ. 2006ರ 'ಫನ್ ಹೋಮ್' ಎಂಬ ಆತ್ಮಕಥನ ಚಿತ್ರಗಳಲ್ಲಿದೆ ನಿಜ, ಆದರೆ ಲೇಖಕಿಯ ತಂದೆಯ ಸಾವು, ಅವರು ಬಚ್ಚಿಟ್ಟ ಸಲಿಂಗಿ ಬದುಕು ಅದರ ವಸ್ತು; ಅಪ್ಪಟ ದೊಡ್ಡವರ ಪುಸ್ತಕ. ಅದನ್ನು ಮಕ್ಕಳ ಕಾಮಿಕ್ಸ್ ಪಕ್ಕ ಜೋಡಿಸಿಟ್ಟು ಆಮೇಲೆ ಗಲಾಟೆ ಎಬ್ಬಿಸಿದರೆ ತಪ್ಪು ಪುಸ್ತಕದ್ದಲ್ಲ.

ಚಿತ್ರಪುಸ್ತಕದ ಲೆಕ್ಕವೇ ಬೇರೆ. ಸಾಮಾನ್ಯವಾಗಿ 32 ಪುಟ. ಶೀರ್ಷಿಕೆ, ಹಕ್ಕುಸ್ವಾಮ್ಯದ ಪುಟ ಕಳೆದರೆ ಕಥೆಗೆ ಉಳಿಯುವುದು ಹದಿನಾಲ್ಕು ಜೋಡಿಪುಟ ಆಸುಪಾಸು. ಅಷ್ಟರಲ್ಲಿ ಉಪದೇಶ ತುರುಕಿದರೆ ಕಥೆಗೆ ಉಸಿರಾಡಲೂ ಜಾಗವಿಲ್ಲ. 'ಜೂಲಿಯಾನ್ ಈಸ್ ಎ ಮರ್ಮೇಡ್' (2018) ನೋಡಿ. ಹುಡುಗ ಪರದೆ ಸುತ್ತಿಕೊಂಡು ಮತ್ಸ್ಯಕನ್ಯೆಯಾಗಿದ್ದಾನೆ, ಅಜ್ಜಿ ನೋಡಿಬಿಡುತ್ತಾಳೆ, ಏನೂ ಹೇಳದೆ ಹೋಗುತ್ತಾಳೆ. ಬೈಯುತ್ತಾಳೋ ಏನೋ ಎಂಬ ಅಳುಕು. ವಾಪಸ್ ಬಂದವಳ ಕೈಯಲ್ಲಿ ಮಣಿಸರ! 'ನೀನು ನೀನಾಗಿರು' ಎಂಬ ಭಾಷಣವಿಲ್ಲ. ಪುಟ ತಿರುವುವ ಕೈಯೇ ಅರ್ಧ ಕೆಲಸ ಮಾಡುತ್ತದೆ. ಹಾಗಾಗಿ ಓದಿ ಹೇಳುವವರು ಅಲ್ಲಿ ಎರಡು ಕ್ಷಣ ಸುಮ್ಮನಿರಬೇಕು, ವಿವರಿಸಲು ಹೋಗಬಾರದು.

ನನಗೆ ಸರಿಬಾರದ ಮಾದರಿ ಒಂದಿದೆ. ಎಲ್ಲರಿಂದ ಅವಮಾನ ತಿಂದ ಕ್ವಿಯರ್ ಪಾತ್ರ ಕೊನೆಗೆ ಯಾರನ್ನೋ ಕಾಪಾಡುತ್ತದೆ, ಆಗ ಊರು ಒಪ್ಪುತ್ತದೆ. ಅಂದರೆ ಉಪಕಾರಕ್ಕೆ ಬಂದರೆ ಮಾತ್ರ ಒಪ್ಪಿಗೆಯೇ? ಮಕ್ಕಳು ಇದನ್ನು ಥಟ್ಟನೆ ಹಿಡಿಯುತ್ತಾರೆ. ಇಬ್ಬರು ಅಮ್ಮಂದಿರು ಹಿನ್ನೆಲೆಯಲ್ಲಿ ಸುಮ್ಮನೆ ಬಟ್ಟೆ ಒಣಹಾಕುತ್ತಿದ್ದು, ಕಥೆ ಕಳೆದುಹೋದ ಬೆಕ್ಕಿನ ಬಗ್ಗೆ ಇರುವ ಪುಸ್ತಕವೇ ಎಷ್ಟೋ ಮೇಲು.