ಬರೀ ಹಳೇ ನೆನಪು ಅಲ್ಲ ಸ್ವಾಮಿ

ಮೈಲೇಜ್ ಇಲ್ಲದ್ದಕ್ಕೆ ರಾಜದೂತ್ 350 ಬೈಕ್ ಸೋತಿತು, ಅದರ ಮೇಲಿನ ಈಗಿನ ಹುಚ್ಚೆಲ್ಲ ಬರೀ ಹಳೇ ನೆನಪು ಅಂತ ಬರೆದಿದ್ದೀರಿ. ಮೊದಲನೆಯ ಮಾತು ಒಪ್ಪಿದೆ. ಎರಡನೆಯದು ಇಲ್ಲ.

ನಾನು ಹುಟ್ಟಿದ್ದೇ 1994ರಲ್ಲಿ. ಅಷ್ಟೊತ್ತಿಗೆ ಆ ಬೈಕ್ ತಯಾರಿಕೆ ನಿಂತೇ ಹೋಗಿತ್ತು. ನನಗೆಲ್ಲಿಂದ ಬರಬೇಕು ಹಳೇ ನೆನಪು? ನಮ್ಮ ಸೋದರಮಾವ ಒಂದು ಸಲ ಕೀ ಕೊಟ್ಟರು, ಅಷ್ಟೇ. ಕಿಕ್ ಹೊಡೆದರೆ ನೀಲಿ ಹೊಗೆ, ಸುಟ್ಟ ಆಯಿಲ್ ವಾಸನೆ. ಶುರುವಿನಲ್ಲಿ ಸುಮ್ನೆ ಗೊಣಗುತ್ತಾ ಹೋಗುತ್ತದೆ, ಇಷ್ಟೇನಾ ಅನಿಸುತ್ತದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು ನಾಲ್ಕು ಸಾವಿರ ದಾಟಿತೋ, ಯಾರೋ ಹಿಂದಿನಿಂದ ಒದ್ದ ಹಾಗೆ! ಎರಡು ಸಿಲಿಂಡರ್‌ನ ಟೂ ಸ್ಟ್ರೋಕ್ ಎಂಜಿನ್‌ನ ಆ ಗುಣ ಈಗಿನ ನಯವಾದ ಬೈಕುಗಳಲ್ಲಿ ಸಿಗುವುದಿಲ್ಲ.

ಲೆಕ್ಕವನ್ನೇ ನೋಡಿ. 1983ರಲ್ಲಿ ಬಂದ ರಾಜದೂತ್‌ನ ಹೈ ಟಾರ್ಕ್ ಮಾಡೆಲ್‌ಗೆ 30.5 ಬಿಎಚ್‌ಪಿ (ಎಂಜಿನ್ ಶಕ್ತಿಯ ಅಳತೆ). ಮೈಲೇಜ್‌ಗಾಗಿ ಆಮೇಲೆ ಶಕ್ತಿ ಇಳಿಸಿ ತಂದ ಲೋ ಟಾರ್ಕ್‌ಗೂ 27. ಇವತ್ತು ರಸ್ತೆ ತುಂಬಾ ಓಡಾಡುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಗೆ ಸುಮಾರು 20, ಅದೂ 195 ಕೆಜಿ ಮೈ ಹೊತ್ತುಕೊಂಡು. ಇದು ನೆನಪಲ್ಲ, ಅಂಕಿ ಅಲ್ವಾ?

ನೀವು ಬಿಟ್ಟ ನಿಜವಾದ ಕೊರತೆ ಬ್ರೇಕ್. ರಾಜದೂತ್‌ಗೆ ಮೂಲವಾದ ಜಪಾನಿನ ಯಮಹಾ ಆರ್‌ಡಿ 350ಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು, ಇಲ್ಲಿ ಕೊಟ್ಟಿದ್ದು ಅಷ್ಟು ಬಿಗಿಯಾಗಿ ಹಿಡಿಯದ ಡ್ರಮ್ ಬ್ರೇಕ್. ಆ ವೇಗಕ್ಕೆ ಡ್ರಮ್! ಬೈಯುವುದಾದರೆ ಅದಕ್ಕೆ ಬೈಯಿರಿ, ನಾನೂ ದನಿಗೂಡಿಸುತ್ತೇನೆ. ಮಾವ ಈಗಲೂ ಮಾರುವುದಿಲ್ಲ ಅಂತಾರೆ. ನಾನು ಕೇಳುವುದನ್ನೂ ಬಿಟ್ಟಿಲ್ಲ.